ಅವ್ವ ಹೆಸರು ಹೇಳಿದ ದಿನ

ಅವ್ವ ಚೀನೀ ಭಾಷೆಯಲ್ಲಿ ಮಾತಾಡುವುದನ್ನು ಮೊದಲ ಸಲ ಫೋನಿನಲ್ಲಿ ಕೇಳಿದಾಗ ದಾಕ್ಷಾಯಿಣಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಬಾಗಲಕೋಟೆಯ ಓಣಿಯೊಂದರಲ್ಲಿ ಜಂಪರ್ ಹೊಲಿಯುವ ಶಿವಲೀಲಾ ಹುಟ್ಟಿದಾಗಿನಿಂದ ಕನ್ನಡ ಬಿಟ್ಟು ಬೇರೆ ಮಾತು ಆಡಿದವಳಲ್ಲ. ಅಂಥವಳ ಅದೇ ಒಡಕು ದನಿ, ಗುಂಡುಸೂಜಿಗಳನ್ನು ತುಟಿಯಲ್ಲಿ ಕಚ್ಚಿಕೊಂಡೇ ಮಾತಾಡುವ ಅದೇ ರೂಢಿ, ಆದರೆ ಬಾಯಿಂದ ಬರುತ್ತಿದ್ದುದು ಬೀಜಿಂಗಿನ ವಾರ್ತಾವಾಚಕಿಯ ಚೀನೀ. ಊಟ ಆಯಿತೇ ಎಂದು ಕೇಳಿದಳು. ಹಾಸ್ಟೆಲಿನ ಅನ್ನಕ್ಕೆ ಸೋಡಾ ಹಾಕುತ್ತಾರಂತೆ, ಹೌದೇ ಎಂದು ಕೇಳಿದಳು. ದಾಕ್ಷಾಯಿಣಿ ನಕ್ಕೂ ನಕ್ಕೂ ಕಣ್ಣಲ್ಲಿ ನೀರು ತಂದುಕೊಂಡಳು. ನಗು ಒಂದು ವಾರಕ್ಕೆ ಮುಗಿಯಿತು, ಆಮೇಲೆ ಅಭ್ಯಾಸವಾಯಿತು. ಮನುಷ್ಯರಿಗೆ ಯಾವುದು ಅಭ್ಯಾಸವಾಗುವುದಿಲ್ಲ ಹೇಳಿ.

ಆ ಹೊತ್ತಿಗೆ ಜಗತ್ತಿನ ಪರದೆಗಳ ಮೇಲೆ ಉಳಿಯುವುದು ಎರಡೇ ಭಾಷೆ ಎಂದು ದೊಡ್ಡವರು ತೀರ್ಮಾನಿಸಿಯಾಗಿತ್ತು. ಕೋಲಾರದಾಚೆ ಬಂಡೆಗುಡ್ಡಗಳ ನಡುವೆ ಎದ್ದ ಹೊಸ ವಿಶ್ವವಿದ್ಯಾಲಯದಲ್ಲಿ 'ಡಿಜಿಟಲ್ ಸಂವಹನಕ್ಕಾಗಿ ಇಂಗ್ಲಿಷ್ ಮತ್ತು ಚೀನೀ' ಎಂಬ ಪದವಿಗೆ, ಎರಡೂ ಭಾಷೆಯ ಪ್ರವೇಶ ಪರೀಕ್ಷೆ ಪಾಸಾಗಿ, ಸೀಟು ಸಿಕ್ಕರೆ ಊರಲ್ಲಿ ಪೇಢಾ ಹಂಚುತ್ತಿದ್ದರು. ದಾಕ್ಷಾಯಿಣಿಯ ಅಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಅವನೂ ಗ್ರೀಸ್ ಕೈ ತೊಳೆದುಕೊಂಡು ಡಿಪೋ ತುಂಬ ಹಂಚಿದ್ದ.

ಕಲಿಸುವ ವಿಧಾನ ಸರಳವಾಗಿತ್ತು. ಕಿವಿಯ ಹಿಂದೆ ಹುರುಳಿಕಾಳಿನಷ್ಟು ಸಣ್ಣ ಯಂತ್ರ ಅಂಟಿಸುತ್ತಿದ್ದರು. ಅದರ ಕಾಗದದ ಹೆಸರು ಏನೋ ಉದ್ದವಿತ್ತು, ಹುಡುಗರು 'ಗುಬ್ಬಿ' ಎನ್ನುತ್ತಿದ್ದರು. ಸುತ್ತ ಯಾರೇ ಕನ್ನಡ ಆಡಲಿ, ಗುಬ್ಬಿ ಆ ಸದ್ದನ್ನು ಎದುರು ಸದ್ದಿನ ಅಲೆಯಿಂದ ಅಲ್ಲಿಯೇ ಅಡಗಿಸಿ, ಆಡಿದವರದೇ ದನಿಯಲ್ಲಿ ವಾರದ ಮೊದಲರ್ಧ ಇಂಗ್ಲಿಷನ್ನೂ ಉಳಿದರ್ಧ ಚೀನೀಯನ್ನೂ ಕಿವಿಗೆ ಬಿಡುತ್ತಿತ್ತು. ಮನೆಗೆ ಫೋನು ಮಾಡಿದರೂ ಅಷ್ಟೆ. ಇವಳು ಇಲ್ಲಿ ಚೀನೀ ಆಡಿದರೆ ಅವ್ವನಿಗೆ ಅಲ್ಲಿ ಮಗಳ ದನಿಯಲ್ಲೇ ಬಾಗಲಕೋಟೆ ಕನ್ನಡ ಕೇಳುತ್ತಿತ್ತು. ಅದಕ್ಕೆಂದೇ ಸೇರುವಾಗ ಮಗಳನ್ನೂ ಅಪ್ಪ ಅವ್ವನನ್ನೂ ಕೂರಿಸಿ ಗಂಟೆಗಟ್ಟಲೆ ಮಾತಾಡಿಸಿ ದನಿ ತುಂಬಿಕೊಂಡಿದ್ದರು. ಒಂದು ವರ್ಷ ತಾಯ್ನುಡಿ ಕಿವಿಗೆ ಬೀಳಬಾರದು, ಬಾಯಿಗೂ ಬರಬಾರದು. ಗುಬ್ಬಿ ಕಿತ್ತವರಿಗೆ ಸೀಟು ಹೋಗುತ್ತದೆ. ಇಷ್ಟೇ ನಿಯಮ.

ಫಲ ಮಾತ್ರ ಕಣ್ಣಿಗೆ ಕಾಣುವಂತಿತ್ತು. ದೀಪಾವಳಿ ಹೊತ್ತಿಗೆ ದಾಕ್ಷಾಯಿಣಿಗೆ ಚೀನೀಯಲ್ಲಿ ಕನಸು ಬೀಳತೊಡಗಿತು.

ಅವ್ವ ಅಪ್ಪನ ಹೆಸರು ಹೇಳಿದ್ದು ಯುಗಾದಿ ಕಳೆದು ಬಹಳ ದಿನಗಳಾದ ಮೇಲೆ, ಒಂದು ಸಂಜೆ.

ಹಾಸ್ಟೆಲ್ ತಾರಸಿಯಲ್ಲಿ ಒಣಗಿದ ಬಟ್ಟೆ ಮಡಚುತ್ತ ದಾಕ್ಷಾಯಿಣಿ ದಿನದಂತೆ ಮಾತಾಡುತ್ತಿದ್ದಳು. ಅದು ಚೀನೀ ದಿನ. ಮದುವೆ ಸೀಜನ್ನು, ಕೈತುಂಬ ಕೆಲಸ ಎಂದಳು ಅವ್ವ. ಅಪ್ಪನಿಗೆ ಡಿಪೋದಲ್ಲಿ ಎರಡು ಪಾಳಿ, ಅದಕ್ಕೇ ಈ ವಾರ ಫೋನಿಗೆ ಸಿಗುತ್ತಿಲ್ಲ ಎಂದಳು. ನಡುವೆ ಇದ್ದಕ್ಕಿದ್ದಂತೆ, ಆ ನುಣುಪು ಚೀನೀಯ ಮಧ್ಯೆ, ಅನ್ನದಲ್ಲಿ ಕಲ್ಲು ಸಿಕ್ಕ ಹಾಗೆ ಒಂದು ಪದ ಸಿಕ್ಕಿತು.

"ಸಂಗನಬಸಪ್ಪ."

ದಾಕ್ಷಾಯಿಣಿಯ ಕೈಯಲ್ಲಿದ್ದ ದುಪಟ್ಟಾ ಹಾಗೇ ನಿಂತಿತು. ಚೀನೀ ಮುಂದುವರಿಯಿತು, ನೆರೆಮನೆಯ ಮಗುವಿಗೆ ಹಲ್ಲು ಬಂದ ಸುದ್ದಿ. ಮತ್ತೆ, ಯಾವ ಸಂಬಂಧವೂ ಇಲ್ಲದೆ, ಅವ್ವನ ದನಿ ಹೇಳಿತು: "ಸಂಗನಬಸಪ್ಪ. ಸಂಗನಬಸಪ್ಪ."

ಅದು ಅಪ್ಪನ ಹೆಸರು. ಅವ್ವ ಅದನ್ನು ಹೇಳಿದ್ದನ್ನು ದಾಕ್ಷಾಯಿಣಿ ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಬ್ಯಾಂಕಿನಲ್ಲಿ ಗಂಡನ ಹೆಸರು ಕೇಳಿದರೆ ಅವ್ವ ಮಗಳನ್ನು ಮುಂದೆ ತಳ್ಳಿ "ನೀ ಹೇಳವ್ವಾ" ಎನ್ನುವಳು. ಯಾರದಾದರೂ ಕುಬಸದ, ಅಂದರೆ ಸೀಮಂತದ, ಕಾರ್ಯದಲ್ಲಿ ಹೆಂಗಸರೆಲ್ಲ ಸುತ್ತ ಕೂತು, ಗಂಡನ ಹೆಸರನ್ನು ಹಾಡಿನ ಸಾಲಿನಲ್ಲಿ ಸೇರಿಸಿ ಒಡಪು ಹೇಳುವಾಗಲೂ ಶಿವಲೀಲಾ ಮಾತ್ರ ನೀರು ಕುಡಿಯುವ ನೆಪದಲ್ಲಿ ಎದ್ದು ಹೋಗುವಳು. ಹೆಂಡತಿ ಹೆಸರು ಹಿಡಿದರೆ ಗಂಡನ ಆಯಸ್ಸು ಕಡಿಮೆ ಎಂದು ಅಜ್ಜಿ ಹೇಳಿಟ್ಟಿದ್ದಳು. ಅವ್ವ ಅದನ್ನು ನಂಬುತ್ತಿದ್ದಳೋ ಇಲ್ಲವೋ, ಪುಟ್ಟ ದಾಕ್ಷಿ ಪೂರ್ತಿ ನಂಬಿದ್ದಳು. ಅವಳನ್ನು ಕಾಡಿಸಬೇಕೆನಿಸಿದಾಗ ಅವ್ವ ಹೊಲಿಗೆ ಮಷಿನ್ ನಿಲ್ಲಿಸಿ, ಕಣ್ಣು ಮಿಟುಕಿಸಿ "ಹೇಳ್ಲೇನು? ಸಂ..." ಎಂದು ಶುರು ಮಾಡುವಳು. ದಾಕ್ಷಿ ಓಡಿ ಬಂದು ಎರಡೂ ಕೈಯಿಂದ ಅವ್ವನ ಬಾಯಿ ಮುಚ್ಚುವಳು. ಅಂಗೈಗೆಲ್ಲ ಅವ್ವನ ನಗು ತಾಗುತ್ತಿತ್ತು.

"ಅಮ್ಮ, ಏನೆಂದೆ?" ಎಂದು ದಾಕ್ಷಾಯಿಣಿ ಚೀನೀಯಲ್ಲಿ ಕೇಳಿದಳು.

"ಏನೂ ಇಲ್ಲ ಮಗಳೇ, ಇಲ್ಲಿ ಎಲ್ಲ ಚೆನ್ನಾಗಿದೆ," ಎಂದಿತು ಚೀನೀ. "ನೀನು ಓದಿನ ಕಡೆ ಗಮನ ಕೊಡು."

ಫೋನು ಇಟ್ಟ ಮೇಲೆ ದಾಕ್ಷಾಯಿಣಿ ಬಟ್ಟೆ ಅಲ್ಲೇ ಬಿಟ್ಟು ಕೆಳಗಿಳಿದಳು. ಕೋಣೆಯಲ್ಲಿದ್ದ ಗೆಳತಿ ನೌಶೀನ್‌ಗೆ ಹೇಳಿದಳು. ಚಿತ್ರದುರ್ಗದ ಆ ಹುಡುಗಿಗೂ ಇವಳಿಗೂ ಮಾತು ನಡೆದದ್ದು ಚೀನೀಯಲ್ಲೇ, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮಾತು ಸ್ವಲ್ಪ ಇಸ್ತ್ರಿ ಹಾಕಿದಂತೆ ಕಂಡರೆ ಕ್ಷಮಿಸಬೇಕು.

"ನನ್ನ ತಾಯಿ ಆ ಹೆಸರು ಹೇಳುವವಳಲ್ಲ. ಯಂತ್ರವೇ ಸೇರಿಸಿದೆ. ಅರ್ಜಿಯಲ್ಲಿ ನೋಡಿ ತೆಗೆದುಕೊಂಡಿದೆ."

"ಯಂತ್ರ ಯಾಕೆ ಸೇರಿಸುತ್ತದೆ?"

"ಅದೇ ನನ್ನ ಪ್ರಶ್ನೆ. ಹೆಸರು ಸೇರಿಸಿದರೆ ಇನ್ನೇನು ಸೇರಿಸುತ್ತಿದೆ?"

ನೌಶೀನ್ ಹೇಳಿದಳು: "ನನ್ನ ಅಮ್ಮಿ ಮೊದಲು ಫೋನಿನಲ್ಲಿ ದಿನಾ ಬೈಯುತ್ತಿದ್ದಳು. ಈಗ ಬೈಯುವುದೇ ಇಲ್ಲ. ನಾನು ಒಳ್ಳೆಯವಳಾದೆ ಅಂದುಕೊಂಡಿದ್ದೆ." ಆಮೇಲೆ ಇಬ್ಬರೂ ಆ ಮಾತು ಎತ್ತಲಿಲ್ಲ. ಎತ್ತಲು ಹೆದರಿಕೆಯಾಯಿತು ಎಂದರೇ ಸರಿ.

ವಾರಕ್ಕೊಮ್ಮೆ ವೀಕ್ಷಣಾ ಕೊಠಡಿಯಲ್ಲಿ ಕೂರುವುದು ಪಾಠದ ಭಾಗವಾಗಿತ್ತು. ಸಾಲು ಪರದೆಗಳು, ಒಂದೊಂದರಲ್ಲೂ ಹರಿಯುವ ಪಟ್ಟಿ. ಜಗತ್ತಿನ ಯಾರೋ ಯಾರೊಡನೆಯೋ ಆಡುವ ಮಾತು ಇಂಗ್ಲಿಷಿನಿಂದ ಚೀನೀಗೆ, ಚೀನೀಯಿಂದ ಇಂಗ್ಲಿಷಿಗೆ ದಾಟುವುದನ್ನು ಕಾಯುತ್ತ, ತಪ್ಪಿದ ಕಡೆ ಗುರುತು ಹಾಕುವುದು ವಿದ್ಯಾರ್ಥಿಗಳ ಕೆಲಸ. ಮನುಷ್ಯರು ನಿಜಕ್ಕೂ ಆಡಿದ ಮಾತು ಪಟ್ಟಿಯಲ್ಲಿ ಹಸಿರು. ಯಂತ್ರ ತಾನೇ ತುಂಬಿದ್ದು ಹಳದಿ. ಅದಕ್ಕೆ 'ಪೂರಣ' ಎಂದು ಹೆಸರು. ಲೈನು ಕಡಿದಾಗ ಬಿಟ್ಟುಹೋದ ಒಂದೆರಡು ಪದ ತುಂಬಿಸಲಿಕ್ಕೆ ಎಂದು ಮೊದಲ ದಿನವೇ ಹೇಳಿಕೊಟ್ಟಿದ್ದರು.

ಮರುದಿನ ಬೆಳಿಗ್ಗೆ ಪಾಳಿ ಇದ್ದುದರಿಂದ ದಾಕ್ಷಾಯಿಣಿ ಹೋಗಿ ಕೂತಳು. ಸ್ವಂತ ಮನೆಯ ಲೈನು ನೋಡಬಾರದೆಂಬ ನಿಯಮವಿತ್ತು. ನೋಡಿದಳು.

ಹಿಂದಿನ ಸಂಜೆಯ ಕರೆ ಪರದೆಯ ಮೇಲೆ ಬಂತು. ಹಳದಿ. ಅವಳು ಬೆರಳಿನಿಂದ ಪಟ್ಟಿ ಸರಿಸುತ್ತ ಹೋದಳು. ಮದುವೆ ಸೀಜನ್ನು ಹಳದಿ, ಡಿಪೋದ ಎರಡು ಪಾಳಿ ಹಳದಿ, ನೆರೆಮನೆಯ ಮಗುವಿನ ಹಲ್ಲು ಹಳದಿ. ಅವಳ ಕಡೆಯಿಂದ ಅವ್ವನಿಗೆ ಹೋದದ್ದೂ ಹಳದಿಯೇ. ಆ ಉದ್ದ ಹಳದಿಯ ನಡುವೆ ಮೂರು ಕಡೆ ಮಾತ್ರ ಸಣ್ಣ ಹಸಿರು ಗೆರೆಗಳಿದ್ದವು. ಮೂರೂ ಕಡೆ ಒಂದೇ ಪದ.

ದಾಕ್ಷಾಯಿಣಿಗೆ ಅದು ಅರ್ಥವಾಗಲು ಹೊತ್ತು ಹಿಡಿಯಿತು. ಹೆಸರನ್ನು ಯಂತ್ರ ಸೇರಿಸಿದ್ದಲ್ಲ. ಹೆಸರುಗಳನ್ನು ಅದು ಅನುವಾದಿಸುವುದಿಲ್ಲ, ಮುಟ್ಟದೆ ಹಾಗೇ ದಾಟಿಸುತ್ತದೆ. ಆ ಸಂಜೆ ಅವ್ವ ಆಡಿದ ಮಾತಿನಲ್ಲಿ ಮಗಳಿಗೆ ತಲುಪಿದ್ದು ಅದೊಂದೇ.

ಅವಳು ಹಿಂದಿನ ಕರೆಗಳನ್ನು ತೆಗೆದಳು. ಚಳಿಗಾಲದವು ಹಸಿರಿದ್ದವು. ಸಂಕ್ರಾಂತಿಯ ನಂತರ ಅಲ್ಲಲ್ಲಿ ಹಳದಿ, ಶಿವರಾತ್ರಿಗೆ ಅರ್ಧರ್ಧ, ಯುಗಾದಿಯಿಂದೀಚೆಗೆ ಪೂರ್ತಿ ಹಳದಿ. ಹೋದ ವಾರ ಅಪ್ಪ ಲೈನಿಗೆ ಬಂದು ಹೊಸ ಬಸ್ಸಿನ ಇಂಜಿನ್ ಬಗ್ಗೆ ತಮಾಷೆ ಮಾಡಿ ನಕ್ಕಿದ್ದನಲ್ಲ, ಅದನ್ನೂ ತೆಗೆದಳು. ಅವನ ಕಡೆ ಒಂದು ಎಳೆಯಷ್ಟೂ ಹಸಿರಿರಲಿಲ್ಲ. ಆ ನಗುವನ್ನು ಯಾರೂ ನಕ್ಕಿರಲಿಲ್ಲ.

"ಸ್ವಂತ ಲೈನು ನೋಡಬಾರದೆಂದು ಹೇಳಿದ್ದೆವಲ್ಲವೇ?"

ಹಿಂದೆ ವಿಭಾಗದ ಮುಖ್ಯಸ್ಥ ಡಾಕ್ಟರ್ ಅಜಿಲ ನಿಂತಿದ್ದರು. ಮೂಡುಬಿದಿರೆ ಕಡೆಯ ಮೃದು ಮನುಷ್ಯ, ಯಾರ ಮೇಲೂ ದನಿ ಎತ್ತಿದವರಲ್ಲ. ಈಗಲೂ ಎತ್ತಲಿಲ್ಲ.

"ಸರ್, ನನ್ನ ತಾಯಿ ಏನು ಹೇಳುತ್ತಿದ್ದಾಳೆ?"

"ಕಲಿಯುವವರ ಮನಸ್ಸು ಕದಡಿದರೆ ಹೊಸ ಭಾಷೆ ನಿಲ್ಲುವುದಿಲ್ಲ. ಅದಕ್ಕೆ ಗುಬ್ಬಿ ಸ್ವಲ್ಪ ಸಮಾಧಾನ ಬೆರೆಸುತ್ತದೆ. ಎರಡೂ ಕಡೆಗೆ. ಇದರಲ್ಲಿ ಕೇಡೇನಿದೆ?"

"ನಿಜವಾಗಿ ಏನು ಹೇಳಿದಳು? ಆ ದನಿ ಎಲ್ಲಿದೆ?"

"ಮೂಲವನ್ನು ಉಳಿಸುವುದಿಲ್ಲಮ್ಮ. ಯಾರಿಗೂ ಬೇಕಾಗುವುದಿಲ್ಲ." ಅವರು ಕುರ್ಚಿ ಎಳೆದು ಪಕ್ಕದಲ್ಲಿ ಕೂತರು. "ನಾನೂ ನನ್ನ ತಾಯಿಯ ಜೊತೆ ಹೀಗೇ ಮಾತಾಡುವುದು. ಎಷ್ಟೋ ವರ್ಷವಾಯಿತು. ಮೊದಲು ಫೋನು ಎತ್ತಿದರೆ ಜಗಳ. ಈಗ ಒಂದು ದಿನವೂ ಒಂದು ಬಿರುಸು ಮಾತಿಲ್ಲ."

"ಊರಿಗೆ ಹೋಗಿ ನೋಡಿದ್ದೀರಾ ಸರ್?"

ಅಜಿಲ ನಕ್ಕರು. "ಹೋಗುವ ಅಗತ್ಯವೇ ಬಿದ್ದಿಲ್ಲ. ಚೆನ್ನಾಗಿದ್ದಾರೆ."

ಅವರ ಮುಖದಲ್ಲಿ ಮೋಸವಿರಲಿಲ್ಲ. ಮೋಸವಿದ್ದಿದ್ದರೆ ದಾಕ್ಷಾಯಿಣಿಗೆ ಇಷ್ಟು ಭಯವಾಗುತ್ತಿರಲಿಲ್ಲ. ಆ ಮನುಷ್ಯನ ತಾಯಿ ಬದುಕಿದ್ದಾಳೋ ಇಲ್ಲವೋ ಅವರಿಗೇ ಗೊತ್ತಿರಲಾರದು ಎಂದು ಅವಳಿಗೆ ಹೊಳೆಯಿತು. ತಲೆನೋವೆಂದು ಹೇಳಿ ಎದ್ದಳು.

ಗೇಟಿನ ಬಳಿ ಬಂದು ಕಿವಿಯ ಹಿಂದಿನ ಗುಬ್ಬಿಯನ್ನು ಉಗುರಿನಿಂದ ಕಿತ್ತಳು. ಚರ್ಮದ ಜೊತೆಗೇ ಬಂದಂತೆ ಉರಿಯಿತು. ಮರುಕ್ಷಣ ಕನ್ನಡ ಕಿವಿಗೆ ನುಗ್ಗಿತು. ಎಳನೀರಿನವನು ಯಾರನ್ನೋ ಬೈಯುತ್ತಿದ್ದ. ಇಬ್ಬರು ಹೆಂಗಸರು ನೀರಿನ ಟ್ಯಾಂಕರ್ ಬಗ್ಗೆ ಜಗಳಾಡುತ್ತಿದ್ದರು. ಇಷ್ಟು ದಿನ ಈ ಗೇಟಿನಲ್ಲಿ ಎಲ್ಲರೂ ಎಷ್ಟು ನಯವಾಗಿ ಮಾತಾಡುತ್ತಾರೆ ಎಂದುಕೊಂಡಿದ್ದಳು.

ಅವ್ವನಿಗೆ ತನ್ನ ಫೋನಿನಿಂದ ಮಾಡಿದರೆ ಅದು ಮತ್ತೆ ವಿಶ್ವವಿದ್ಯಾಲಯದ ಮೂಲಕವೇ ಹೋಗುತ್ತದೆ. ಕಾವಲುಗಾರನ ಮುಂದೆ ಕೈ ಚಾಚಿ ಫೋನು ಬೇಡಿದಳು. 'ಫೋನ್ ಕೊಡಿ' ಎನ್ನುವಷ್ಟು ಕನ್ನಡ ನಾಲಿಗೆಗೆ ಬರಲು ಹೆಣಗಬೇಕಾಯಿತು. ಅವನು ಇವಳನ್ನು ಬೇರೆ ದೇಶದವಳೆಂದುಕೊಂಡು ಕೊಟ್ಟ.

"ನೀವು ಕರೆ ಮಾಡುತ್ತಿರುವ ಚಂದಾದಾರರು ಬೇರೊಬ್ಬರ ಜೊತೆ ಮಾತನಾಡುತ್ತಿದ್ದಾರೆ."

ಮತ್ತೆ ಮಾಡಿದಳು, ಅದೇ. ಬಸ್ಸಿನಲ್ಲಿ ಪಕ್ಕದವರ ಫೋನಿನಿಂದ ಮಾಡಿದಳು, ಆಗಲೂ ಅದೇ. ಅವ್ವ ಇಷ್ಟು ಹೊತ್ತು ಮಾತಾಡುವುದು ಒಬ್ಬಳ ಜೊತೆಗೆ ಮಾತ್ರ. ಆ ಒಬ್ಬಳು ಇಲ್ಲಿ ಬಸ್ಸಿನ ಕಿಟಕಿಗೆ ತಲೆಯಾನಿಸಿ ಕೂತಿದ್ದಳು. ಹೆದರಿಕೆ ಎಂದರೆ ಏನೆಂದು ದಾಕ್ಷಾಯಿಣಿಗೆ ಆಗ ತಿಳಿಯಿತು. ದಾರಿಯುದ್ದಕ್ಕೂ ಅವಳು ತುಟಿ ಅಲ್ಲಾಡಿಸುತ್ತ ಕನ್ನಡ ಜೋಡಿಸಿಕೊಂಡಳು. ಅವ್ವಾ, ನಾನು. ಅವ್ವಾ, ನಾ ಬಂದೇನಿ.

ಬೆಳಿಗ್ಗೆ ಓಣಿಗೆ ಬಂದರೆ ಮನೆಗೆ ಬೀಗ. ಹೊಲಿಗೆ ಅಂಗಡಿಯ ಬಾಗಿಲ ಮೇಲೆ ಧೂಳು. ಮದುವೆ ಸೀಜನ್ನಿನ ಕೆಲಸ ನಡೆದ ಲಕ್ಷಣ ಕಾಣಲಿಲ್ಲ. ಎದುರುಮನೆಯ ನಾಗವ್ವ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಬಂದಳು.

"ಈಗ ಬಂದ್ಯೇನು ತಾಯಿ? ಅಲ್ಲೇ ಕುಂತು ಫೋನಿನ್ಯಾಗ ಶಾಣ್ಯಾತನಾ ಹೇಳೋದ ಸಾಕಾತೇನು?" ಎಂದು ಶುರು ಮಾಡಿದವಳು ಇವಳ ಮುಖ ನೋಡಿ ದನಿ ಇಳಿಸಿದಳು. "ಸರಕಾರಿ ದವಾಖಾನ್ಯಾಗ ಅದಾರ. ಹೋಗು ಲಗೂನ."

ಆಸ್ಪತ್ರೆಯ ವರಾಂಡದ ಬೆಂಚಿನ ತುದಿಯಲ್ಲಿ ಶಿವಲೀಲಾ ಕೂತಿದ್ದಳು. ಇಳಿದುಹೋಗಿದ್ದಳು. ಕೊರಳಲ್ಲಿ ಯಾವಾಗಲೂ ಜೋತುಬೀಳುತ್ತಿದ್ದ ಅಳತೆಯ ಟೇಪು ಇರಲಿಲ್ಲ. ಕಿವಿಗೆ ಫೋನು ಒತ್ತಿಕೊಂಡು ಮಾತಿಲ್ಲದೆ ಕೇಳುತ್ತಿದ್ದಳು. ಹತ್ತಿರ ಹೋದಂತೆ ದಾಕ್ಷಾಯಿಣಿಗೆ ಫೋನಿನೊಳಗಿನ ದನಿ ಕೇಳಿಸಿತು. ಅವಳದೇ ದನಿ. ತಡವರಿಕೆ ಇಲ್ಲದ, ತಂಪಾದ, ಅಚ್ಚ ಬಾಗಲಕೋಟೆಯ ಮಾತು.

"ಅವ್ವಾ, ಗಾಬರಿ ಆಗಬ್ಯಾಡ. ಎಲ್ಲಾ ಸರಿ ಹೋಗ್ತದ. ನೀ ಹೊತ್ತಿಗೆ ಸರಿಯಾಗಿ ಊಟಾ ಮಾಡು..."

"ಅವ್ವಾ," ಎಂದಳು ದಾಕ್ಷಾಯಿಣಿ.

ಶಿವಲೀಲಾ ತಲೆಯೆತ್ತಿದಳು. ಎದ್ದು ಬಂದು ತಬ್ಬಿಕೊಳ್ಳಲಿಲ್ಲ. ಸೆರಗು ಬಿಗಿಹಿಡಿದು ಬೆಂಚಿನ ಮೂಲೆಗೆ ಸರಿದಳು. ಅವಳ ಕಣ್ಣು ಫೋನಿನಿಂದ ಮಗಳಿಗೆ, ಮಗಳಿಂದ ಫೋನಿಗೆ ಹೋಯಿತು.

"ಯಾರ ನೀ?"

"ಅವ್ವಾ, ನಾನು... ನಾ ಬಂದು... ಬಂದೇನಿ." ದಾರಿಯುದ್ದಕ್ಕೂ ಜೋಡಿಸಿಕೊಂಡದ್ದು ಬಾಯಿಗೆ ಬರುವಷ್ಟರಲ್ಲಿ ಮುರಿದುಬಿತ್ತು. ಮಾತಿನ ಏರಿಳಿತವೆಲ್ಲ ಪರದೇಶದ್ದಾಗಿತ್ತು. ಅತ್ತ ಫೋನು ನಿರಾಯಾಸವಾಗಿ ಮಾತಾಡುತ್ತಲೇ ಇತ್ತು. ತಾಯಿಯಾದವಳು ಆ ಹೊತ್ತಿನಲ್ಲಿ ಯಾವುದನ್ನು ಮಗಳೆಂದು ನಂಬಬೇಕು?

ಶಿವಲೀಲಾ ಇವಳ ಮುಖವನ್ನೇ ದಿಟ್ಟಿಸಿದಳು. ಆಮೇಲೆ ಮೆಲ್ಲಗೆ, ಪರೀಕ್ಷೆ ಮಾಡುವವಳಂತೆ ತುಟಿ ತೆರೆದಳು.

"ಸಂಗನ..."

ದಾಕ್ಷಾಯಿಣಿ ಯೋಚಿಸಲಿಲ್ಲ. ಎರಡೂ ಕೈ ತಾವಾಗಿ ಮುಂದೆ ಹೋಗಿ ಅವ್ವನ ಬಾಯಿ ಮುಚ್ಚಿದವು. ಅಂಗೈಗೆ ಈ ಸಲ ನಗು ತಾಗಲಿಲ್ಲ, ಬಿಸಿ ನೀರು ಇಳಿಯಿತು. ಶಿವಲೀಲಾ ಮಗಳ ಕೈಗಳನ್ನು ಹಾಗೇ ಹಿಡಿದುಕೊಂಡು ಅದರೊಳಗೇ ಬಿಕ್ಕಿ ಬಿಕ್ಕಿ ಅತ್ತಳು.

"ಯುಗಾದಿ ಮುಂದ ನಿಮ್ಮಪ್ಪಗ ಲಕ್ವಾ ಹೊಡೀತು," ಎಂದಳು ದನಿ ಬಂದ ಮೇಲೆ. "ಬಲಗಡೆ ಪೂರಾ ಹೋಗೇತಿ. ಬಾಯೂ ಹೋಗೇತಿ. ಮೊದಲ ದಿನಾ ಬರೇ ಕೈ ಜೋಂ ಹಿಡದಿತ್ತು. ನಿನಗ ಫೋನ್ ಮಾಡಿದ್ನಿ. ಗಡಬಡ ಮಾಡಬ್ಯಾಡವ್ವಾ, ಆರಾಮ ಮಾಡಲಿ, ನಾಲ್ಕ ದಿನಾ ನೋಡು ಅಂದಿ. ಓದಿದ ಮಗಳ ಹೇಳ್ತಾಳ ಅಂತ ಮನ್ಯಾಗ ಮಲಗಿಸಿದೆ. ಅವತ್ತ ತಂದಿದ್ರ ಇಷ್ಟ ಆಗತಿದ್ದಿಲ್ಲ ಅಂದ್ರು ಡಾಕ್ಟರ್."

"ನಾ ಅಲ್ಲವ್ವಾ. ನಾ ಹಂಗ... ಹೇಳಿಲ್ಲ." ಅಪ್ಪ ಹೋದ ವಾರ ಫೋನಿನಲ್ಲಿ ನಕ್ಕದ್ದು ಅವಳ ಕಿವಿಯಲ್ಲಿ ಸುಳಿಯಿತು.

"ಗೊತ್ತಾತು. ತಡಾ ಆಗಿ ಗೊತ್ತಾತು. ಏನ ಹೇಳಿದ್ರೂ ಸಮಾಧಾನ. ನಿಮ್ಮಪ್ಪ ಸಾಯಾಕತ್ತಾನ ಬಾ ಅಂದ್ರೂ ಸಮಾಧಾನ. ನನ್ನ ಮಗಳು ಒಂದ ಸಲಾನಾರ ಸಿಟ್ಟ ಆಗಬೇಕಲ್ಲ, ಅಳಬೇಕಲ್ಲ. ಅದಕ್ಕ ಮೊನ್ನೆ ಅವರ ಹೆಸರ ಹಿಡದ ಹೇಳಿದೆ. ನನ್ನ ಹೊಟ್ಟ್ಯಾಗ ಹುಟ್ಟಿದ್ದ ಇದ್ರ ಚಿಟ್ಟನ ಚೀರಬೇಕು. ಅದು 'ಊಟಾ ಆತೇನವ್ವಾ' ಅಂತು." ಅವಳು ಕಣ್ಣೊರೆಸಿಕೊಂಡಳು. "ಹಂಗಂತ ಬಿಡಾಕೂ ಆಗವಲ್ದು. ದಿನಾ ನಿನ್ನ ದನಿ ಕಿವಿಗೆ ಹಿಡದ್ರಷ್ಟ ಅವರು ಎರಡ ತುತ್ತ ಗಂಜಿ ನುಂಗತಾರ."

ಒಳಗೆ ವಾರ್ಡಿನಲ್ಲಿ ಸಂಗನಬಸಪ್ಪ ಕಿಟಕಿಯ ಕಡೆ ಮುಖ ಮಾಡಿ ಮಲಗಿದ್ದ. ಗ್ರೀಸ್ ಹೋಗದೆ ಕಪ್ಪಾಗಿಯೇ ಇರುತ್ತಿದ್ದ ಉಗುರುಗಳು ಈಗ ಬೆಳ್ಳಗಿದ್ದವು. ದಾಕ್ಷಾಯಿಣಿ ಮಂಚದ ಬಳಿ ನಿಂತು "ಅಪ್ಪಾ" ಎಂದಳು. ಅವನು ನೋಡಿದ. ಒಡೆದ ಕನ್ನಡದಲ್ಲಿ ಇನ್ನೇನೋ ಹೇಳಹೊರಟಳು, ಪದ ಸಿಗಲಿಲ್ಲ. ನಡುವೆ ಒಂದು ಚೀನೀ ಮಾತು ನುಸುಳಿತು. ಅವನ ಹುಬ್ಬು ಗಂಟಿಕ್ಕಿತು.

ಅಷ್ಟರಲ್ಲಿ ಶಿವಲೀಲಾಳ ಕೈಯಲ್ಲಿ ಆರಿಸದೆ ಉಳಿದಿದ್ದ ಫೋನು ಮಾತಾಡಿತು. "ಅಪ್ಪಾ, ಎದ್ದೀಯೇನು? ಗಂಜಿ ಕುಡದ್ಯಾ?"

ಅವನ ಮುಖದ ಎಡಭಾಗ ಅರಳಿತು. ಎಡಗೈ ಚಾಚಿ ಫೋನು ಬೇಡಿದ. ಶಿವಲೀಲಾ ಅದನ್ನು ಬೆನ್ನ ಹಿಂದೆ ಸರಿಸಹೋದಳು, ಅವನು ಬಿಡಲಿಲ್ಲ. ಕಸಿದುಕೊಂಡು ಎದೆಯ ಮೇಲೆ ಇಟ್ಟುಕೊಂಡ. ದಾಕ್ಷಾಯಿಣಿ ಅಲ್ಲೇ ನೆಲಕ್ಕೆ ಕೂತು, ಮಂಚದ ಪಟ್ಟಿಗೆ ಹಣೆ ಹಚ್ಚಿ ಅತ್ತಳು. ಯಾವ ಭಾಷೆಯೂ ಇಲ್ಲದೆ, ಚಿಕ್ಕವಳಿದ್ದಾಗ ಡಿಪೋದ ಬಾಗಿಲಲ್ಲಿ ಅಪ್ಪನಿಗಾಗಿ ಹಟ ಹಿಡಿದು ಅಳುತ್ತಿದ್ದ ಹಾಗೆ, ಜೋರಾಗಿ, ಮೂಗು ಸುರಿಸಿಕೊಂಡು ಅತ್ತಳು.

ಆ ಅಳು ಫೋನಿಗೂ ಕೇಳಿಸಿತು. ಆಮೇಲೆ ದಾಕ್ಷಾಯಿಣಿಯ ದನಿಯಲ್ಲಿ, ಅದೇ ತಂಪಿನಲ್ಲಿ ಕೇಳಿತು:

"ಅಪ್ಪಾ, ನಿನ್ನ ಬಾಜೂಕ ಯಾರ ಅಳಾಕತ್ತಾರ?"

ಸಂಗನಬಸಪ್ಪ ಕತ್ತು ಹೊರಳಿಸಿ ಕೆಳಗೆ ಕೂತವಳನ್ನು ನೋಡಿದ. ಬಹಳ ಹೊತ್ತು ನೋಡಿದ. ಅವನ ಬಾಯಿ ಸೊಟ್ಟಗೆ ತೆರೆದು ಏನೋ ಹೇಳಲು ಒದ್ದಾಡಿತು, ಹೊರಗೆ ಬಂದದ್ದು ಬರೀ ಉಸಿರು. ಆಗ ಅವನು ಎಡಗೈಯನ್ನು ನಿಧಾನವಾಗಿ ಎತ್ತಿ, ಎದೆಯ ಮೇಲಿನ ಫೋನಿನ ಮೇಲೆ ಬೋರಲಾಗಿಟ್ಟು, ಬಾಯಿ ಮುಚ್ಚುವ ಹಾಗೆ ಬಲವಾಗಿ ಒತ್ತಿದ.

ಅಂಗೈ ಕೆಳಗೆ ಅದು ಮಾತಾಡುತ್ತಲೇ ಇತ್ತು.